ನವಮುಷ್ಟಿಯ ಏಳು ನಿಮಿಷ

ರಾಮಲಿಂಗನ ಸುಳ್ಳಿಗೆ ಮೂವತ್ತು ವರ್ಷ ತುಂಬಿದ ದಿನವೇ ಅದನ್ನು ಬಯಲಿಗೆಳೆಯುವ ಏರ್ಪಾಡೂ ಸಿದ್ಧವಾಗಿತ್ತು. ಆ ಏರ್ಪಾಡಿನ ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಉಪಾಧ್ಯಕ್ಷರು, ನವಮುಷ್ಟಿ ಸ್ಮರಣ ಮಂಡಳ, ಕೊಲ್ಹಾಪುರ.

‘ವಜ್ರಮುಷ್ಟಿ’ ಎಂಬ ರಾಕ್ ತಂಡ ಹದಿನಾಲ್ಕು ವರ್ಷ ಕೊಲ್ಹಾಪುರದ ಕಾಲೇಜು ಹುಡುಗರ ನಿದ್ದೆಗೆಡಿಸಿ, ಕಡೆಗೆ ಪೋಸ್ಟರಿನಲ್ಲಿ ಯಾರ ಕೂದಲು ಮುಂದೆ ಬರಬೇಕೆಂಬ ಜಗಳದಲ್ಲಿ ಒಡೆದುಹೋಗಿತ್ತು. ಅಳಿದುಳಿದ ನಾಲ್ವರು ಸೇರಿ ‘ನವಮುಷ್ಟಿ’ ಕಟ್ಟಿದರು. ಅದರ ಆಯುಷ್ಯ ಹತ್ತೊಂಬತ್ತು ದಿನ, ಕಾರ್ಯಕ್ರಮ ಎರಡು. ಗಡಹಿಂಗ್ಲಜದಲ್ಲಿ ನಡೆದ ಮೊದಲನೆಯದು, ಆಂಪ್ಲಿಫಯರ್ ಸುಟ್ಟ ಕಾರಣ, ಮೊದಲ ಹಾಡಿನ ಎರಡನೆಯ ಸಾಲಿಗೆ ಮುಗಿಯಿತು. ಎರಡನೆಯದು ಇಚಲಕರಂಜಿಯ ಬಟ್ಟೆಯ ಗೋದಾಮೊಂದರಲ್ಲಿ ನಡೆಯಿತು. ದಂತಕಥೆ ಹುಟ್ಟಿದ್ದು ಅಲ್ಲಿಯೇ. ವಿದೇಶಿ ತಂಡಗಳ ವೇದಿಕೆಯಂತೆ ಇಲ್ಲಿಯೂ ಹೊಗೆ ಏಳಲೆಂದು ಯಾರೋ ಕೆಂಡದ ಮೇಲೆ ಎರಡು ಬುಟ್ಟಿ ಲೋಬಾನದ ಧೂಪ ಸುರಿದರು. ಎದುರಿನವರ ಮೂಗು ಕಾಣದಷ್ಟು ಹೊಗೆ ತುಂಬಿತು. ಆ ಹೊಗೆಯೊಳಗಿಂದ ಏಳು ನಿಮಿಷಗಳ ಡ್ರಮ್ ವಾದನವೊಂದು ಎದ್ದು ಬಂತು. ಕಣ್ಣೀರು ಹಾಕದೆ ಅದನ್ನು ಕೇಳಿದವನು ಒಬ್ಬನೂ ಇರಲಿಲ್ಲ. ಮರುದಿನ ತಂಡವೇ ಇರಲಿಲ್ಲ.

ಅಂದು ಗೋದಾಮಿನಲ್ಲಿದ್ದವರು ಮೂವತ್ತೆಂಟು ಜನ. ವರ್ಷ ಕಳೆದಂತೆ ‘ನಾನೂ ಅಲ್ಲಿದ್ದೆ’ ಎನ್ನುವವರ ಸಂಖ್ಯೆ ನಾನೂರು ದಾಟಿತು. ಆ ಹೆಚ್ಚುವರಿಯಲ್ಲಿ ರಾಮಲಿಂಗನೂ ಒಬ್ಬ. ಅಂದು ಅವನಿಗೆ ರಜೆ ಸಿಕ್ಕಿರಲಿಲ್ಲ.

ಅವನು ಇಚಲಕರಂಜಿಯ ಶೆಡ್ಡುಗಳಲ್ಲಿ ಜಾಬರ್. ಕೆಟ್ಟ ವಿದ್ಯುತ್ ಮಗ್ಗದ ರೋಗವನ್ನು ಕಿವಿಯಿಂದಲೇ ಹಿಡಿದು ದುರಸ್ತಿ ಮಾಡುವವನು. ಶೆಡ್ಡಿನಲ್ಲಿ ಅವನನ್ನು “ಏ ಜಾಬರ್” ಎಂದು ಕೂಗುತ್ತಿದ್ದರು. ಮಂಡಳದಲ್ಲಿ ಮಾತ್ರ ಅವನು ‘ರಾಮಲಿಂಗಣ್ಣಾವ್ರು’. ಮಿಕ್ಕ ಸದಸ್ಯರೆಲ್ಲ ಕೊಲ್ಹಾಪುರದವರು, ಗಡಹಿಂಗ್ಲಜದವರು. ದಂತಕಥೆ ಹುಟ್ಟಿದ ಊರಿನವನೆಂದರೆ ಅವನೊಬ್ಬನೇ. ಹಾಗಾಗಿ ಸಭೆಯಲ್ಲಿ ಅವನಿಗೆ ಕೈಯಿರುವ ಕುರ್ಚಿ. ಇಂದು ಆ ಕುರ್ಚಿಗೂ ಆ ‘ಅವ್ರು’ವಿಗೂ ಒಟ್ಟಿಗೆ ಕುತ್ತು ಬಂದಿತ್ತು.

“ಮಾರಿ ಯಾಕ ಹಿಂಗ ಹುಳಿ ಮಜ್ಜಗಿ ಕುಡದಂಗ ಮಾಡೀರಿ?” ಕೊಲ್ಹಾಪುರದ ದಾರಿಯಲ್ಲಿ ಬೈಕಿನ ಹಿಂದೆ ಕುಳಿತ ಹೆಂಡತಿ ಗಂಗುಬಾಯಿ ಕನ್ನಡಿಯಲ್ಲಿ ಅವನನ್ನು ನೋಡಿ ಕೇಳಿದಳು.

“ಗಾಳಿ ಬಡ್ಯಾಕತ್ತೈತಿ.”

“ಹೆಲ್ಮೆಟ್ ಒಳಗ ಎಲ್ಲೀ ಗಾಳಿರೀ? ಇವತ್ತ ನಿಮ್ಮ ತಲಿಗೆ ಫೇಟಾ ಕಟ್ತಾರಂತ ತವರ ಮನ್ಯಾಗೆಲ್ಲಾ ಹೇಳೇನಿ. ಸ್ವಲ್ಪ ನಗರಿ.”

ರಾಮಲಿಂಗ ನಕ್ಕ. ಕನ್ನಡಿಯಲ್ಲಿ ಅದನ್ನು ಕಂಡ ಗಂಗುಬಾಯಿ, “ಬ್ಯಾಡ, ಮದಲಿನಂಗ ಇರ್ರಿ,” ಎಂದಳು.

ಕೊಲ್ಹಾಪುರದ ಮಂಗಲ ಕಾರ್ಯಾಲಯದ ವೇದಿಕೆಯ ಮೇಲೆ ಬಾಡಿಗೆಗೆ ತಂದ ಡ್ರಮ್ ಸೆಟ್ಟು ಹೊಳೆಯುತ್ತಿತ್ತು. ಪಕ್ಕದಲ್ಲಿ ನವಮುಷ್ಟಿಯ ಡ್ರಮ್ ವಾದಕ ಜಯಪಾಲ ಕುಳಿತಿದ್ದರು. ಈಗ ಅವರು ಗಡಹಿಂಗ್ಲಜ ತಾಲೂಕಿನ ನೂಲ ಗ್ರಾಮದಲ್ಲಿ ಕಬ್ಬು ಬೆಳೆಯುವ ಗೃಹಸ್ಥರು. ಮೂವತ್ತು ವರ್ಷ ಕರೆದರೂ ಬಾರದ ಮನುಷ್ಯ ಈ ಸಲ ಬಂದಿದ್ದರು. ಬಂದವರು ಬಾಗಿಲಿನ ಕಡೆಗೇ ನೋಡುತ್ತಿದ್ದರು.

ಅಧ್ಯಕ್ಷ ಹರ್ಷದ ಮೈಕಿನ ಮುಂದೆ ನಿಂತ. ಸೈಕಲ್ ಅಂಗಡಿಯವನಾದರೂ ಅವನ ನೋಟ ಫೌಜದಾರನದು.

“ಗಡಹಿಂಗ್ಲಜದ ಕುಂಥುನಾಥ ಅಣ್ಣಾರು ಅವತ್ತ ಗೋದಾಮಿನ್ಯಾಗ ಟೇಪ್ ಮಾಡಿದ್ರು. ಆ ಕ್ಯಾಸೆಟ್ ಇಷ್ಟ ವರ್ಷ ಅವರ ಅಕ್ಕನ ಮದಿವಿ ಕ್ಯಾಸೆಟ್ ನಡುವ ಇತ್ತು. ಈಗ ಸಿಕ್ಕೈತಿ. ನಾ ಒಬ್ಬನ ಕೇಳೇನಿ, ಮತ್ಯಾರೂ ಕೇಳಿಲ್ಲ.” ಅವನು ತಡೆದು ಸಭೆಯನ್ನೆಲ್ಲ ಒಮ್ಮೆ ನೋಡಿದ. “ಏಳನೇ ನಿಮಿಷಕ್ಕ ನಾ ಇದನ್ನ ನಿಲ್ಲಸ್ತೇನಿ. ಮುಂದ ಏನ ಆತು ಅಂತ ಒಬ್ಬೊಬ್ಬರಾಗಿ ಹೇಳಬೇಕು. ಅಲ್ಲಿ ಇದ್ದಾವ ಹೇಳ್ತಾನ. ಇಲ್ಲದಾವ ಮನೀಗ ಹೋಗ್ತಾನ. ಮದಲ ಉಪಾಧ್ಯಕ್ಷರು.”

ಕ್ಯಾಸೆಟ್ಟು ತಿರುಗಿತು. ಮೊದಲು ಗಿಟಾರು, ಆಮೇಲೆ ಕೆಮ್ಮು, ಮತ್ತಷ್ಟು ಕೆಮ್ಮು. ನಂತರ ಎಲ್ಲವನ್ನೂ ಹಿಂದೆ ಸರಿಸಿ ಆ ವಾದನ ಬಂತು. ಸಭೆಯಲ್ಲಿ ಕೆಲವರು ಕಣ್ಣು ಮುಚ್ಚಿದರು. ಒಬ್ಬರು ಬೂಟು ಕಳಚಿದರು. ರಾಮಲಿಂಗ ಮಾತ್ರ ಯಾವ ನೆಪ ಹೇಳಿ ಹೊರಗೆ ಹೋಗಲೆಂದು ಲೆಕ್ಕ ಹಾಕುತ್ತಿದ್ದ. ಹೊಟ್ಟೆನೋವೆಂದರೆ ಗಂಗುಬಾಯಿಯ ಚೀಲದಲ್ಲಿ ಓಮಕಾಳು ಇರುತ್ತದೆ. ತಲೆನೋವೆಂದರೆ ಅದಕ್ಕೂ ಅವಳಲ್ಲಿ ಮದ್ದಿದೆ.

ಲೆಕ್ಕ ಅಲ್ಲಿಗೇ ನಿಂತಿತು. ಅವನ ಅಪ್ಪಣೆ ಕೇಳದೆ ಅವನ ಕಿವಿ ಕೆಲಸ ಶುರು ಮಾಡಿತ್ತು.

ಹನ್ನೊಂದು ಏಟಿಗೊಮ್ಮೆ ಒಂದು ಕುಂಟು. ಕುಂಟಿನ ಬೆನ್ನಿಗೆ ಲಾಳಿ ಎಡಗಡೆಯ ಪೆಟ್ಟಿಗೆಗೆ ತಡವಾಗಿ ಬಂದು ಬಡಿಯುವ ಒರಟು ಸದ್ದು. ಮೂವತ್ತು ವರ್ಷಗಳಲ್ಲಿ ಅವನು ಸಾವಿರಾರು ಮಗ್ಗಗಳ ನಾಡಿ ಹಿಡಿದಿದ್ದ. ಇಂಥ ಕುಂಟು ಇದ್ದದ್ದು ಒಂದಕ್ಕೇ. ಹದಿನಾಲ್ಕನೆಯ ನಂಬರಿನ ಮಗ್ಗ. ಗೋದಾಮಿನ ಗೋಡೆಗೆ ಬೆನ್ನು ಹಚ್ಚಿದ್ದ ಶೆಡ್ಡಿನಲ್ಲಿ ಅಂದು ಉಳಿದ ಮಗ್ಗಗಳೆಲ್ಲ ನೂಲಿಲ್ಲದೆ ನಿಂತಿದ್ದಾಗ, ರಜೆ ಸಿಗದೆ ಅಳುಮೋರೆ ಹಾಕಿಕೊಂಡು ಅವನು ಒಬ್ಬನೇ ನಡೆಸಿ ನೋಡುತ್ತಿದ್ದ ಮಗ್ಗ.

ಹರ್ಷದ ಗುಂಡಿ ಒತ್ತಿ ಕ್ಯಾಸೆಟ್ಟು ನಿಲ್ಲಿಸಿದ.

“ಹೇಳ್ರಿ ರಾಮಲಿಂಗಣ್ಣಾ. ಮುಂದ?”

“ಮೂರ ಸಲ ಎಡವತೈತ್ರಿ,” ರಾಮಲಿಂಗನ ಬಾಯಿ ತಾನಾಗಿ ನುಡಿಯಿತು. “ಆಮ್ಯಾಲ ಒಂದ ಸಲ ದಡಂತ ಬಡದು, ಗಪ್ಪಂತ ನಿಲ್ತೈತಿ.”

ಹರ್ಷದ ಮತ್ತೆ ಗುಂಡಿ ಒತ್ತಿದ. ವಾದನ ಒಮ್ಮೆ ಎಡವಿತು. ಎರಡನೆಯ ಸಲ ಎಡವಿತು. ಮೂರನೆಯ ಸಲ ಎಡವಿ, ದಡಲ್ಲೆಂದು ಬಡಿದು, ನಿಂತಿತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಗಂಗುಬಾಯಿ. ರಾಮಲಿಂಗ ಉಳಿದುಕೊಂಡಿದ್ದ. ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕಿತ್ತು. ಫೇಟಾ ತಲೆಗೆ ಬರುತ್ತಿತ್ತು.

“ಇನ್ನುಳದವರ ಪರೀಕ್ಷಾ ಊಟ ಆದಮ್ಯಾಲ,” ಹರ್ಷದ ಕಣ್ಣೊರೆಸಿಕೊಂಡ. “ಈಗ ಇದ ವಾದನವನ್ನ ಜಯಪಾಲ ಅಣ್ಣಾರು ನಮ್ಮ ಕಣ್ಣಮುಂದ ಬಾರಸ್ತಾರ.”

ಜಯಪಾಲರು ಎದ್ದವರು ಡ್ರಮ್ಮಿನ ಕಡೆಗೆ ಹೋಗಲಿಲ್ಲ. ನೇರವಾಗಿ ರಾಮಲಿಂಗನ ಬಳಿಗೆ ಬಂದು, ಅಭಿನಂದಿಸುವವರಂತೆ ಅವನ ಎರಡೂ ಕೈ ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದರು.

“ನಿಮಗ ಎಲ್ಲಾ ಗೊತ್ತೈತಿ. ದಯಮಾಡಿ ಹೇಳಬ್ಯಾಡ್ರಿ.”

“ಏನ್ರಿ ಅದು?”

“ಹೊಗಿ ತುಂಬಿದ ಕೂಡಲೇ ನಾ ಹೊರಗ ಓಡಿ ಹೋಗಿದ್ನಿ. ಬೋರಿಂಗ್ ಹಂತ್ಯಾಕ ಕಣ್ಣ ತೊಳಕೋತ ನಿಂತಿದ್ದೆ. ಒಳಗ ಬಂದ್ರ ನನ್ನ ಹೆಗಲ ಮ್ಯಾಲೆ ಹೊತ್ತು ಕುಣ್ಯಾಕತ್ತಿದ್ರು. ಯಾರ ಬಾರಿಸಿದ್ರೋ ನನಗ ಇವತ್ತಿಗೂ ಗೊತ್ತಿಲ್ಲ.” ಅವರು ವೇದಿಕೆಯ ಕಡೆ ಒಮ್ಮೆ ನೋಡಿದರು. “ನಮ್ಮನ್ನ ಕೇಳದ ನೀನ ಏಳ ನಿಮಿಷ ಬಾರಿಸಿದಿ ಅಂತ ಉಳದ ಮೂರೂ ಮಂದಿ ಜಗಳಾ ತಗದ್ರು. ತಂಡ ಮುರದಿದ್ದ ಅದರ ಸಂಬಂಧ. ಈಗ ನಾ ಅಲ್ಲಿ ಕುಂತ್ರ ಮುಗೀತು, ಊರಾಗ ತಲಿ ಎತ್ತಿ ಅಡ್ಡಾಡಾಂಗಿಲ್ಲ.”

ರಾಮಲಿಂಗನಿಗೆ ಈಗ ಅರ್ಥವಾಯಿತು. ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ತಂಡವನ್ನು ತಾನೇ, ಸ್ಪ್ಯಾನರ್ ಹಿಡಿದು, ಮುರಿದಿದ್ದ.

“ಜಯಪಾಲ ಅಣ್ಣಾ, ಬರ್‍ರಿ, ಲವಕರ್,” ಹರ್ಷದ ಮರಾಠಿಯಲ್ಲಿ ಅವಸರಪಡಿಸಿದ. ಜಯಪಾಲರು ಗಲ್ಲಿಗೆ ಹೊರಟವರಂತೆ ನಡೆದು ಡ್ರಮ್ಮಿನ ಹಿಂದೆ ಕುಳಿತು ಕೋಲು ಎತ್ತಿದರು. ಕೋಲುಗಳು ಒಂದಕ್ಕೊಂದು ತಾಗಿ ಟಕಟಕ ನಡುಗಿದವು. ಅಷ್ಟಕ್ಕೇ ಮುಂದಿನ ಸಾಲು “ವಾಹ್” ಎಂದಿತು.

ಕೋಲು ಕೆಳಗಿಳಿಯುವ ಮೊದಲೇ ರಾಮಲಿಂಗ ಎದ್ದು ನಿಂತಿದ್ದ.

“ಅವರಿಗೆ ಬಾರಸಾಕ ಬರಂಗಿಲ್ರಿ. ಅದು ಡ್ರಮ್ ಅಲ್ಲ. ಮಗ್ಗ.”

ರಾಮಲಿಂಗ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ: ಸಿಗದ ರಜೆ, ನಡುವಿನ ಗೋಡೆ, ಹದಿನಾಲ್ಕನೆಯ ನಂಬರು, ಮೂರನೆಯ ಸಲ ಎಡವಿದಾಗ ಕಡಿದ ಎಳೆ. “ನಾ ಗೋದಾಮಿನ್ಯಾಗ ಇರಲಿಲ್ಲ. ಮೂವತ್ತ ವರ್ಷ ಸುಳ್ಳ ಹೇಳೇನಿ. ನಮ್ಮೂರಿನಾವ ಒಬ್ಬ ಅಲ್ಲಿ ಕುಂತಿದ್ರ ಒಂದ ನಿಮಿಷಕ್ಕ ಗುರ್ತ ಹಿಡೀತಿದ್ದ. ನಮ್ಮೂರಾವ್ರೆಲ್ಲಾ ಬ್ಯಾರೆ ಶೆಡ್ಡಿನ್ಯಾಗ ಪಾಳಿ ಮ್ಯಾಲೆ ಇದ್ರು.”

“ಹೌದ್ರಿ,” ಜಯಪಾಲರು ವೇದಿಕೆಯಿಂದ ಅಂದರು. ಆ ಎರಡಕ್ಷರದಲ್ಲಿ ಮೂವತ್ತು ವರ್ಷಗಳ ಭಾರ ಇಳಿದಿತ್ತು. ಕೋಲುಗಳನ್ನು ಅವರು ತೊಟ್ಟಿಲ ಕೂಸಿನಂತೆ ಮೆಲ್ಲಗೆ ಕೆಳಗಿಟ್ಟರು.

ರಾಮಲಿಂಗ ಹೆಂಡತಿಯ ಕಡೆ ನೋಡಿದ.

“ನನಗ ಲಗ್ನ ಆದ ವರ್ಷಾನ ಸಂಶೇ ಬಂದಿತ್ತು,” ಗಂಗುಬಾಯಿ ಪಕ್ಕದ ಹೆಂಗಸಿಗೆ ಕೇಳುವಂತೆ ಹೇಳಿದಳು. “ಇವರು ಅಷ್ಟ ಹೊಗ್ಯಾಗ ಏಳ ನಿಮಿಷ ಕುಂಡ್ರಾವ್ರಲ್ಲ. ಒಗ್ಗರಣಿ ಹಾಕಿದ್ರ ಓಣಿಗೆ ಓಡ್ತಾರ.”

ಹರ್ಷದ ಮಂಡಳದ ನಿಯಮಾವಳಿಯ ಪುಸ್ತಕ ತೆರೆದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು, ಕೆಳಗಿಳಿಯಿತು, ಮತ್ತೆ ಮೇಲೇರಿತು.

“ನಿಯಮ ಒಂದು,” ಅವನ ಧ್ವನಿ ನ್ಯಾಯಾಧೀಶನದಾಯಿತು. “ಅವತ್ತ ಪ್ರೇಕ್ಷಕ ಆಗಿರದಾವ ಸದಸ್ಯ ಇರಾಕ ಬರಂಗಿಲ್ಲ. ರಾಮಲಿಂಗಣ್ಣಾ, ನಿಮ್ಮ ಸದಸ್ಯತ್ವ ರದ್ದ. ಆ ಕುರ್ಚಿ ಬಿಡ್ರಿ.”

ರಾಮಲಿಂಗ ಬಿಟ್ಟ. ಮೂವತ್ತು ವರ್ಷ ಬೆನ್ನಿಗೆ ಒಗ್ಗಿದ್ದ ಕುರ್ಚಿಯಿಂದ ದೂರ ಸರಿದು, ಚಪ್ಪಲಿ ಹುಡುಕುತ್ತ ಬಾಗಿಲಿನ ಕಡೆ ತಿರುಗಿದ.

“ಎಲ್ಲಿ ಹೊಂಟ್ರಿ? ನಿಯಮ ನಾಕು ಐತಿ ಇನ್ನಾ,” ಹರ್ಷದ ಪುಟ ಮಗುಚಿದ. “ಅವತ್ತ ವಾದನ ಮಾಡಿದಾವ್ರು ಯಾರ ಸಿಕ್ಕರೂ ಅವರನ್ನ ವೇದಿಕೆ ಮ್ಯಾಲೆ ಕುಂಡ್ರಿಸಿ ಸತ್ಕಾರ ಮಾಡಬೇಕು. ಮ್ಯಾಲೆ ಬರ್‍ರಿ. ಕುಂಥುನಾಥ ಅಣ್ಣಾ, ಫೇಟಾ ತರ್‍ರಿ. ಜಯಪಾಲ ಅಣ್ಣಾ, ನೀವು ಸ್ವಲ್ಪ ಸರೀರಿ.”

ಜಯಪಾಲರು ಸ್ವಲ್ಪವಲ್ಲ, ವೇದಿಕೆಯಿಂದಲೇ ಇಳಿದರು. ಇಳಿದು, ಖಾಲಿಯಾಗಿದ್ದ ಕೈಯಿರುವ ಕುರ್ಚಿಯಲ್ಲಿ ಕುಳಿತು, ಜೀವಮಾನದಲ್ಲಿ ಮೊದಲ ಸಲ ನವಮುಷ್ಟಿಯ ಅಭಿಮಾನಿಯಾಗಿ ಚಪ್ಪಾಳೆ ತಟ್ಟಿದರು. ಕಿತ್ತಳೆ ಫೇಟಾ ರಾಮಲಿಂಗನ ಹುಬ್ಬಿನವರೆಗೆ ಇಳಿದು ಕುಳಿತಿತು.

ಹಿಂದಿನ ಸಾಲಿನಿಂದ ಒಬ್ಬ ಅಭಿಮಾನಿ ಗದ್ಗದಿತನಾಗಿ ಎದ್ದ. “ರಾಮಲಿಂಗಣ್ಣಾವ್ರ, ಒಂದ ಮಾತ ಕೇಳ್ತೇನ್ರಿ. ಇಷ್ಟ ಛಲೋ ಬಾರಸ್ತಿದ್ರಿ. ಆಮ್ಯಾಲ ಯಾಕ ಬಿಟ್ರಿ?”

ಎಲ್ಲರ ಕಣ್ಣು ವೇದಿಕೆಯ ಮೇಲೆ ನೆಟ್ಟಿತು. ರಾಮಲಿಂಗ ಮೈಕನ್ನು ಹತ್ತಿರ ಎಳೆದುಕೊಂಡ. ಇನ್ನು ಮುಂದೆ ಸುಳ್ಳು ಹೇಳಬಾರದೆಂದು ಅವನು ನಿಶ್ಚಯಿಸಿದ್ದ.

“ಮಗ್ಗ ರಿಪೇರಿ ಆತ್ರಿ,” ಎಂದ.