ಅಣ್ಣ ಬೇಡ ಅಂದದ್ದು

"ಬೇಡ ಅಂತ ಹೇಳು ಅವರಿಗೆ," ಅಂದ ಅಣ್ಣ.

ಎರಡನೆಯ ಮಹಡಿ ದಾಟಿದ ಮೇಲೆ ಬರುವ ತಿರುವಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಒಂದು ಕೈ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಎದೆಯ ಮೇಲಿತ್ತು. ಮುಖ ಬಿಳಿಚಿಕೊಂಡು, ಬೆವರಿಗೆ ತೊಯ್ದ ಕಾಲರು ಕುತ್ತಿಗೆಗೆ ಅಂಟಿತ್ತು. ಕೈಯಿಂದ ಜಾರಿದ ಚೀಲದ ಈರುಳ್ಳಿಗಳು ಮೆಟ್ಟಿಲುದ್ದಕ್ಕೂ ಉರುಳಿದ್ದವು. ಅದರಲ್ಲೊಂದು ಆಂಬುಲೆನ್ಸಿನವಳ ಬೂಟಿಗೆ ತಾಗಿ ನಿಂತಿತ್ತು. ಅವಳು ಅವನೆದುರು ಮಂಡಿಯೂರಿ ನಾಡಿ ನೋಡಿದಳು, ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ತಂಗಿಯತ್ತ ತಿರುಗಿ ಆ ದೇಶದ ಭಾಷೆಯಲ್ಲಿ ಹೇಳಿದಳು:

"ಇದು ಹೃದಯದ ತೊಂದರೆ. ಈಗಲೇ ಕರ್ಕೊಂಡು ಹೋಗ್ಬೇಕು. ಆದ್ರೆ ಅವರು ಒಪ್ಪದೆ ನಾವು ಎತ್ತೋ ಹಾಗಿಲ್ಲ. ಕೇಳಿ ಅವರನ್ನ."

ತಂಗಿ ಕೇಳಿದಳು.

"ಗ್ಯಾಸು ಕಣೇ ಇದು," ಅಂದ ಅಣ್ಣ. ಎರಡು ಪದಗಳ ನಡುವೆ ಉಸಿರು ಹುಡುಕಬೇಕಾಗಿತ್ತು ಅವನಿಗೆ. "ಒಂದು ಲೋಟ ಬಿಸಿನೀರು ಕೊಡು, ಸರಿ ಹೋಗತ್ತೆ. ಇವರನ್ನ ಕಳಿಸು ಮೊದ್ಲು."

ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವನು ಅವನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್ ಇರುತ್ತಿದ್ದುದರಿಂದ ಅದೇ ಅವನ ಹೆಸರಾಗಿಬಿಟ್ಟಿತ್ತು. ತಂಗಿ ಮದುವೆಯಾಗಿ ಈ ದೇಶಕ್ಕೆ ಬಂದಳು. ಗಂಡ ಬಿಟ್ಟುಹೋದ ಮೇಲೂ ಇಲ್ಲೇ ಉಳಿದು, ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ ಹಿಡಿದಳು. ನಿವೃತ್ತನಾದ ಅಣ್ಣನಿಗೆ ಅವಳು ಹೇಗಿದ್ದಾಳೆಂದು ಕಣ್ಣಾರೆ ನೋಡಬೇಕಿತ್ತು. ಹೊರಡುವ ಮೊದಲು ವಯಸ್ಸು, ಬಿ.ಪಿ. ಎರಡನ್ನೂ ಕೇಳಿಕೊಂಡ ವಿಮೆಯವರು ಹೇಳಿದ ಮೊತ್ತ ವಿಮಾನದ ಟಿಕೆಟ್ಟನ್ನೂ ಮೀರಿತ್ತು. "ಒಂದು ತಿಂಗಳ ಮಟ್ಟಿಗೆ ಹೋಗಿ ಬರೋನಿಗೆ ಅದೆಲ್ಲ ಯಾಕೆ, ನಾನೇನು ಗಾಜಿನ ಲೋಟಾನಾ?" ಅಂದಿದ್ದ. ತಂಗಿಯೂ ಹೂಂ ಅಂದಿದ್ದಳು.

ಅವನು ಬಂದ ಮೊದಲ ಭಾನುವಾರ ಲಾಂಡ್ರಿಯ ಗೆಳತಿ ಮನೆಗೆ ಬಂದು ತನ್ನ ಅತ್ತೆಯ ಕತೆ ಹೇಳಿದಳು. ಸೊಸೆಯ ಮನೆ ನೋಡಲು ಬಂದ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ವಿಮೆ ಇರಲಿಲ್ಲ. ಆಸ್ಪತ್ರೆಯವರು ಚೆನ್ನಾಗಿಯೇ ನೋಡಿಕೊಂಡರು, ಮುದುಕಿ ನಡೆದುಕೊಂಡೇ ವಿಮಾನ ಹತ್ತಿದಳು. ಮಗ-ಸೊಸೆ ಮಾತ್ರ ಆ ಬಿಲ್ಲಿಗೆ ಇನ್ನೂ ಕಂತು ಕಟ್ಟುತ್ತಿದ್ದರು. "ಅತ್ತೆ ಸೊಂಟ ನೆಟ್ಟಗಾಯ್ತು, ನಮ್ಮ ಸೊಂಟ ಮುರೀತು," ಎಂದು ಗೆಳತಿ ನಕ್ಕಿದ್ದಳು. ಅದನ್ನೆಲ್ಲ ಅಣ್ಣನಿಗೆ ಬಿಡಿಸಿ ಬಿಡಿಸಿ ಹೇಳಿದವಳು ತಂಗಿಯೇ. ಅವನೂ ನಕ್ಕಿದ್ದ.

ಆಮೇಲಿನ ದಿನಗಳಲ್ಲಿ ಅಣ್ಣನಿಗೆ ಅಂಗಡಿ ನೋಡುವ ಚಪಲ ಹತ್ತಿತ್ತು. ಸಂಜೆ ಅಡ್ಡಾಡಲು ಹೊರಟರೆ ಹತ್ತು ಮಾರಿಗೊಮ್ಮೆ ಯಾವುದಾದರೂ ಗಾಜಿನ ಮುಂದೆ ನಿಂತುಬಿಡುತ್ತಿದ್ದ. ಒಮ್ಮೆ ಹೆಂಗಸರ ಎತ್ತರದ ಚಪ್ಪಲಿಗಳ ಮುಂದೆ ಎಷ್ಟು ಹೊತ್ತು ನಿಂತಿದ್ದನೆಂದರೆ, "ಅತ್ತಿಗೆಗೆ ಇದನ್ನ ಹಾಕಿಸಿ ಡ್ಯಾನ್ಸ್ ಮಾಡಿಸ್ತೀಯಾ?" ಎಂದು ತಂಗಿ ಛೇಡಿಸಿದ್ದಳು. ಆಗಲೂ ಅವನ ಕೈ ಅಂಗಿಯ ಗುಂಡಿಗಳ ಹತ್ತಿರವೇ ಇತ್ತು. ಈಗ, ಮೆಟ್ಟಿಲ ಮೇಲೆ, ಆ ನಿಲುವುಗಳೆಲ್ಲ ಒಂದೊಂದಾಗಿ ಅವಳಿಗೆ ಅರ್ಥವಾಗತೊಡಗಿದವು. ಅವನು ಅಂಗಡಿ ನೋಡುತ್ತಿರಲಿಲ್ಲ. ನೋವು ಇಳಿಯಲೆಂದು ಕಾಯುತ್ತಿದ್ದ.

"ಏನಂತಾರೆ?" ಕೇಳಿದಳು ಆಂಬುಲೆನ್ಸಿನವಳು.

"ಬೇಡ ಅನ್ನು," ಅಂದ ಅಣ್ಣ. "ನಿನ್ನ ಮನೆ ತೊಳೆದು ಹೋಗತ್ತೆ. ನನ್ನಾಣೆ."

ತಂಗಿ ಆಂಬುಲೆನ್ಸಿನವಳ ಕಡೆ ತಿರುಗಿದಳು. "ಒಪ್ಪಿದ್ದಾರೆ. ಬೇಗ ಕರ್ಕೊಂಡು ಹೋಗಿ ಅಂತಿದ್ದಾರೆ," ಅಂದಳು ಆ ಭಾಷೆಯಲ್ಲಿ.

"ತಲೆ ಅಲ್ಲಾಡಿಸ್ತಿದ್ದಾರಲ್ಲ?"

"ನಮ್ಮ ಕಡೆ ಹೂಂ ಅನ್ನೋದೇ ಹಾಗೆ."

ಆಂಬುಲೆನ್ಸಿನವಳು ಅರೆಕ್ಷಣ ಅವಳ ಮುಖ ನೋಡಿದಳು. ಆಮೇಲೆ ಕೆಳಗಿದ್ದ ಜೊತೆಗಾರನಿಗೆ ಕುರ್ಚಿ ತರಲು ಕೂಗಿದಳು. ಪಟ್ಟಿ ಬಿಗಿದು ತನ್ನನ್ನು ಎತ್ತುವಾಗ ಅಣ್ಣನಿಗೆ ಕೊಸರಾಡುವ ಶಕ್ತಿಯೂ ಇರಲಿಲ್ಲ. ವಾಹನದೊಳಗೆ, ಮುಖಕ್ಕೆ ಕಟ್ಟಿದ ಆಮ್ಲಜನಕದ ಮುಸುಕಿನ ಕೆಳಗಿನಿಂದ ಅವನ ದನಿ ಬಾವಿಯೊಳಗಿಂದ ಬಂದ ಹಾಗೆ ಬಂತು.

"ಏನು ಹೇಳ್ದೆ ಅವಳಿಗೆ?"

"ನೀನು ಹೇಳಿದ್ದನ್ನೇ."

"ಸುಳ್ಳುಬುರುಕಿ," ಅಂದು ಅವನು ಕಣ್ಣು ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಯಾರೂ ಮೊದಲು ಹಣದ ಮಾತೆತ್ತಲಿಲ್ಲ. ಬಾಗಿಲುಗಳು ತಾವಾಗಿ ತೆರೆದುಕೊಂಡವು. ತೊಡೆಸಂದಿಯಿಂದ ತಂತಿ ತೂರಿಸಿ, ಮುಚ್ಚಿಹೋಗಿದ್ದ ರಕ್ತನಾಳವೊಂದನ್ನು ತೆರೆದರು. ಮರುದಿನ ಅಣ್ಣ ದಿಂಬಿಗೆ ಒರಗಿ ಕೂತು ಗಂಜಿಯಂಥದ್ದೇನನ್ನೋ ಕುಡಿದ. ತಂಗಿಯ ಜೊತೆ ಮಾತ್ರ ಮಾತಾಡಲಿಲ್ಲ. ಅವಳು ಚಮಚ ಹಿಡಿದರೆ ಬಾಯಿ ತೆರೆಯುತ್ತಿದ್ದ, ಅಷ್ಟೇ.

ಅದರ ಮರುದಿನ ಕಚೇರಿಯ ಹೆಂಗಸೊಬ್ಬಳು ಅವಳನ್ನು ಪಕ್ಕಕ್ಕೆ ಕರೆದಳು. ಮೃದುವಾಗಿಯೇ ಮಾತಾಡಿದಳು. ತುರ್ತು ಚಿಕಿತ್ಸೆಯನ್ನು ಯಾರಿಗೂ ಇಲ್ಲವೆನ್ನುವುದಿಲ್ಲ. ಆದರೆ ಆ ಹೊತ್ತು ದಾಟಿತು. ಇನ್ನು ಮುಂದಿನದಕ್ಕೆ ಯಾರಾದರೂ ಜವಾಬ್ದಾರಿ ಹೊರಬೇಕು. "ನಾನಿದ್ದೀನಲ್ಲ," ಅಂದಳು ತಂಗಿ. ಹೆಂಗಸು ಅವಳ ಇಸ್ತ್ರಿಯ ಸುಟ್ಟ ಕಲೆಗಳಿದ್ದ ಕೈಗಳನ್ನು ನೋಡಿದಳು.

ಮಧ್ಯಾಹ್ನ ಡಾಕ್ಟರು ಬಂದರು. ನಿದ್ದೆಗೆಟ್ಟ ಕಣ್ಣುಗಳ ತೆಳ್ಳನೆಯ ಮನುಷ್ಯ. ಇಷ್ಟು ದೊಡ್ಡ ಆಪರೇಷನ್ನಿನ ವಿಷಯಕ್ಕೆ ಮನೆಯವರು ಭಾಷಾಂತರ ಮಾಡುವಂತಿಲ್ಲ ಎಂದು ಹೇಳಿ, ಫೋನೊಂದನ್ನು ಹೊದಿಕೆಯ ಮೇಲಿಟ್ಟರು.

"ನಮಸ್ಕಾರ ಯಜಮಾನ್ರೇ," ಅಂದಿತು ಫೋನು. ಎಲ್ಲಿಂದಲೋ ಮಾತಾಡುತ್ತಿದ್ದ ಗಂಡಸಿನ ದನಿ. "ನಾನು ದುಭಾಷಿ. ಅಲ್ಲಿ ಯಾರು ಏನೇ ಹೇಳಿದ್ರೂ ಒಂದಕ್ಷರ ಬಿಡದೆ ಇನ್ನೊಬ್ಬರಿಗೆ ಮುಟ್ಟಿಸ್ತೀನಿ."

ಅಣ್ಣನ ಮುಖ ಅರಳಿತು. "ಓಹೋ! ನಮ್ಮವರೇ! ಯಾವೂರು ಸ್ವಾಮಿ ನಿಮ್ಮದು?"

ದನಿ ಅದನ್ನೂ ಡಾಕ್ಟರಿಗೆ ತಲುಪಿಸಿತು. ಡಾಕ್ಟರು ನಕ್ಕು, ತಾವು ಹುಟ್ಟಿದ್ದು ಇದೇ ಊರಿನಲ್ಲಿ ಅಂದರು. ಅದು ಅಣ್ಣನಿಗೆ ಹಾಗೇ ವಾಪಸು ಬಂತು. ಅವನೂ ನಕ್ಕ. ಆಮೇಲೆ ಡಾಕ್ಟರು ವಿಷಯಕ್ಕೆ ಬಂದರು: ಇನ್ನೂ ಎರಡು ನಾಳಗಳು ಕೆಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು, ಈ ವಾರವೇ ಆದರೆ ಒಳ್ಳೆಯದು.

"ಮಾಡದಿದ್ರೆ?"

"ಮತ್ತೆ ಯಾವಾಗ ಬೇಕಾದ್ರೂ ಹೀಗಾಗಬಹುದು. ಆಗ ಉಳಿಸೋಕೆ ಆಗದೇ ಇರಬಹುದು ಅಂತಿದ್ದಾರೆ ಡಾಕ್ಟ್ರು."

"ಊರಲ್ಲಿ ಮಾಡಿಸ್ಕೊಂಡ್ರೆ?"

"ಮಾಡಿಸ್ಕೋಬಹುದು. ಆದ್ರೆ ಎರಡು ವಾರ ವಿಮಾನ ಹತ್ತೋ ಹಾಗಿಲ್ಲ. ಅಲ್ಲೀವರೆಗೂ ಭಯ ಇದ್ದೇ ಇರತ್ತೆ."

ಅಣ್ಣ ಕಿಟಕಿಯ ಕಡೆ ನೋಡಿದ. "ಹಾಗಾದ್ರೆ ಊರಲ್ಲೇ ಮಾಡಿಸ್ಕೋತೀನಿ ಅಂತ ಹೇಳಿ. ಇಲ್ಲಿ ಬೇಡ."

"ಅದನ್ನ ಹೇಳ್ಬೇಡಿ!" ತಂಗಿ ಫೋನಿನ ಮೇಲೆ ಬಗ್ಗಿದಳು. "ಯೋಚನೆ ಮಾಡ್ತೀನಿ ಅಂದ್ರು ಅಂತ ಹೇಳಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಇರೋದು ಇವನೊಬ್ಬ."

"ಕ್ಷಮಿಸಿ ತಾಯಿ," ಅಂದಿತು ಫೋನು. ಬಳಿಕ ಅಣ್ಣನ ಮಾತನ್ನು ಆ ದೇಶದ ಭಾಷೆಯಲ್ಲಿ ಹೇಳಿತು. ಅದರ ಹಿಂದೆಯೇ ಅವಳ ಮಾತನ್ನೂ. ಕಾಲಿಗೆ ಬೀಳುವುದನ್ನೂ, ಇರೋದು ಇವನೊಬ್ಬ ಎಂಬುದನ್ನೂ, ರೈಲಿನ ವೇಳೆ ಹೇಳುವ ಹಾಗೆ ಏರಿಳಿತವಿಲ್ಲದ ದನಿಯಲ್ಲಿ. ಡಾಕ್ಟರು ನಿಧಾನವಾಗಿ ಅವಳ ಕಡೆ ತಿರುಗಿದರು. ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. ಫೋನಿನತ್ತ ಬಗ್ಗಿ ಒಂದು ಪ್ರಶ್ನೆ ಕೇಳಿದರು. ಅದು ಏನೆಂದು ಅಣ್ಣನಿಗಿಂತ ಮೊದಲೇ ತಿಳಿದ ತಂಗಿ ಮಂಚದ ಕಂಬಿ ಹಿಡಿದುಕೊಂಡಳು.

"ಯಜಮಾನ್ರೇ, ಮೊನ್ನೆ ಮೆಟ್ಟಿಲ ಮೇಲೆ, ಆಸ್ಪತ್ರೆಗೆ ಬರೋಕೆ ನೀವೇ ಒಪ್ಪಿದ್ರಾ ಅಂತ ಕೇಳ್ತಿದ್ದಾರೆ."

ಅಣ್ಣ ತಂಗಿಯನ್ನು ನೋಡಿದ. ಆಸ್ಪತ್ರೆಗೆ ಬಂದ ಮೇಲೆ ಅವನು ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಹೂಂ ಸ್ವಾಮಿ, ನಾನೇ ಒಪ್ಪಿದ್ದೆ," ಅಂದ. "ಆಗ ಒಪ್ಪಿದ್ದೆ. ಈಗ ಒಪ್ಪಲ್ಲ."

ದನಿ ಅದನ್ನೂ ಒಂದಕ್ಷರ ಬಿಡದೆ ಹೇಳಿತು.

ಎರಡು ದಿನ ಬಿಟ್ಟು ಮನೆಗೆ ಕಳಿಸಿದರು. ಮೂರನೆಯ ಮಹಡಿಗೆ ಹತ್ತಲು ಅಣ್ಣ ಮೆಟ್ಟಿಲಿಗೊಮ್ಮೆ ನಿಂತ. ಈಗ ಮುಚ್ಚಿಡುವುದೇನೂ ಇರಲಿಲ್ಲ. ಆ ರಾತ್ರಿ ತಟ್ಟೆ ತೊಳೆಯುತ್ತ ತಂಗಿ ಸಿಡಿದಳು. "ನಿನಗೆ ನಾನು ಯಾರೂ ಅಲ್ಲ. ಯಾರೂ ಅಲ್ಲ ಅಂದುಕೊಂಡೇ ಡಾಕ್ಟ್ರಿಗೆ ಬೇಡ ಅಂದೆ ನೀನು."

"ಕೂಗಬೇಡ, ಕೆಳಗಿನ ಮನೆಯವರು ಹೆದರ್ಕೋತಾರೆ."

"ಹೆದರ್ಕೊಳ್ಲಿ."

"ನೋಡು," ಅಂದ ಅಣ್ಣ. "ಗಂಡ ಬಿಟ್ಟು ಹೋದಾಗ ವಾಪಸು ಬಾ ಅಂದೆ ನಾನು. ಬರಲ್ಲ, ನನ್ನ ಕಾಲ ಮೇಲೆ ನಾನು ನಿಂತ್ಕೋತೀನಿ ಅಂದೆ ನೀನು. ನಿಂತಿದ್ದೀಯಾ. ಅದನ್ನ ನೋಡೋಕೇ ಬಂದಿದ್ದು ನಾನು. ನಾನೇ ಬಂದು ಕಾಲು ಕಡಿದು ಹೋಗ್ಲಾ?"

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಬಂದು ಅದನ್ನು ನಿಲ್ಲಿಸಿ, ಒರೆಸುವ ಬಟ್ಟೆ ತೆಗೆದುಕೊಂಡು ಅವಳ ಪಕ್ಕ ನಿಂತ.

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಅಣ್ಣ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದ. ಫೋನಿನಲ್ಲಿ ಅತ್ತಿಗೆಗೆ ಏನೂ ಹೇಳದೆ ತಮಾಷೆ ಮಾಡಿದ. ಬೆಳಿಗ್ಗೆ ಬಿಸಿಲು ಬಿದ್ದಾಗ ಮೆಲ್ಲನೆ ಕೆಳಗಿಳಿದು, ಕಟ್ಟಡದ ಮುಂದಿನ ಬೆಂಚಿನಲ್ಲಿ ಕೂತು ಹೋಗಿ ಬರುವ ಬಸ್ಸುಗಳ ಎಂಜಿನ್ ಸದ್ದು ಕೇಳುತ್ತಿದ್ದ. ರಜೆ ಮುಗಿದು ತಂಗಿ ಲಾಂಡ್ರಿಗೆ ಹೋಗತೊಡಗಿದಳು. ಬಿಡುವು ಸಿಕ್ಕಾಗಲೆಲ್ಲ ಫೋನು ಮಾಡುತ್ತಿದ್ದಳು. "ಇದ್ದೀನಿ ಕಣೇ, ಇಸ್ತ್ರಿ ಹೊತ್ತೀತು, ನೋಡ್ಕೋ ಹೋಗು," ಅನ್ನುತ್ತಿದ್ದ.

ಟಿಕೆಟ್ಟಿನ ದಿನಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ, ಒಂದು ಬೆಳಿಗ್ಗೆ ಅವನು ಫೋನು ಎತ್ತಲಿಲ್ಲ.

ತಂಗಿ ಮನೆ ಬಾಗಿಲು ತೆರೆದಾಗ ಬಿಸಿಲು ಮಂಚದ ತನಕ ಬಂದಿತ್ತು. ಅಣ್ಣ ಗಡ್ಡ ಬೋಳಿಸಿಕೊಂಡಿದ್ದ, ಸ್ವೆಟರ್ ಹಾಕಿಕೊಂಡಿದ್ದ. ಹೊರಗೆ ಹೊರಟವನು ಮಂಚದ ಅಂಚಿನಲ್ಲಿ ಕೂತಲ್ಲೇ ಗೋಡೆಗೆ ಒರಗಿದ್ದ. ಒಂದು ಕಾಲಿಗೆ ಕಾಲುಚೀಲವಿತ್ತು. ಇನ್ನೊಂದು ಕಾಲುಚೀಲ ತೊಡೆಯ ಮೇಲೆ, ಅರೆತೆರೆದ ಬೆರಳುಗಳ ನಡುವೆ ಇತ್ತು.

ಅವಳು ಕೂಗಲಿಲ್ಲ. ಫೋನಿಗೂ ಕೈ ಹಾಕಲಿಲ್ಲ. ಕೈಚೀಲವನ್ನು ಕೆಳಗಿಟ್ಟು ಅವನ ಕಾಲ ಬಳಿ ಕೂತಳು. ತಣ್ಣಗಾದ ಬೆರಳುಗಳಿಂದ ಕಾಲುಚೀಲ ಬಿಡಿಸಿಕೊಂಡು, ಅದರ ಬಾಯಿ ಅಗಲಿಸಿ, ಒಡೆದ ಹಿಮ್ಮಡಿಗೆ ತಾಗದಂತೆ ಮೆಲ್ಲನೆ ತೊಡಿಸಿದಳು. ಕಾಲುಚೀಲದ ಹಿಮ್ಮಡಿಯ ಮಡಿಕೆ ಒಂದು ಕಡೆಗೆ ಸರಿದಿತ್ತು. ಅದನ್ನು ತಿರುಗಿಸಿ, ನೆಟ್ಟಗೆ ಕೂರಿಸಿ, ಎರಡೂ ಕೈಗಳಿಂದ ಆ ಪಾದವನ್ನು ಹಿಡಿದುಕೊಂಡು ಕೂತಳು.