ಅಟ್ಟದ ಕಾಯಿ

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಸುಮಾರು ಒಂದು ವರ್ಷಕ್ಕೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಒಡೆದರೆ ಕೆಟ್ಟಿತು. ಇದನ್ನು ನನಗೆ ಕಲಿಸಿದವರೇ ನಮ್ಮತ್ತೆ ಹೊಂಬಾಳಮ್ಮ.

ಮಾವ ತೀರಿಕೊಂಡ ವರ್ಷ ಅತ್ತೆಗೆ ಅಟ್ಟದ ಚಿಂತೆ ಹತ್ತಿತು. ಕಾಯಿಗಳು ಒಳಗೊಳಗೇ ಕೊಳೆಯುತ್ತಿವೆ ಎಂದು. ಮೊದಮೊದಲು ಏಣಿ ಹತ್ತಿ, ಒಂದೆರಡು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಇಳಿಯುತ್ತಿದ್ದರು. ಚಿಂತೆ ಯಾರಿಗಿಲ್ಲ ಎಂದು ನಾನೂ ಸುಮ್ಮನಿದ್ದೆ. ಆಮೇಲೆ ಊಟದ ನಡುವೆಯೇ ಎದ್ದು ಹೋಗತೊಡಗಿದರು. ಎದೆ ಢವಢವ ಎನ್ನುತ್ತದೆ, ಕೈ ಬೆವರುತ್ತದೆ, ನಿದ್ದೆಯೇ ಇಲ್ಲ ಎನ್ನುತ್ತಿದ್ದರು.

ನಾನೇ ಹಟ ಹಿಡಿದೆ; ಗಂಡ ಹೆಂಡತಿ ಇಬ್ಬರೂ ಅತ್ತೆಯನ್ನು ತಿಪಟೂರಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. “ಚಿಂತೆ ಎಲ್ರಿಗೂ ಇರುತ್ತಮ್ಮ. ಊಟ, ನಿದ್ದೆ, ಕೆಲಸ ಕಿತ್ಕೊಳ್ಳೋಕೆ ಶುರು ಮಾಡಿದ್ರೆ ಅದು ಕಾಯಿಲೆ. ವಾಸಿ ಆಗುತ್ತೆ. ಮಾತ್ರೆ ಕೊಡಿ, ತಪ್ಪದೆ ಕರ್ಕೊಂಡು ಬನ್ನಿ. ಅವರ ಜೊತೆ ನೀವೂ ಕಾಯಿ ಪರೀಕ್ಷೆ ಮಾಡ್ತಾ ಕೂರಬೇಡಿ.”

ನನ್ನ ಗಂಡ ಗಂಗರಾಜು ಬಸ್ಸಿನಲ್ಲೇ ಮುಖ ಗಂಟಿಕ್ಕಿಕೊಂಡರು. “ಹುಚ್ಚಿನ ಡಾಕ್ಟ್ರು ತಾವ ಓಡಾಡಿದ್ರೆ ಊರೋರು ಏನಂತಾರೆ? ಒಂದು ಕಾಯಿ ಒಡ್ದು ತೋರ್ಸಿದ್ರೆ ಸರಿಹೋಯ್ತದೆ ಬುಡು.” ಮಾತ್ರೆಯ ಪೊಟ್ಟಣ ಬಿಚ್ಚದೆಯೇ ಗೋಡೆಯ ಗೂಡು ಸೇರಿತು. ಸಕ್ಕರೆ ಕಾಯಿಲೆಯಾಗಿದ್ದರೆ ಹೀಗೆ ಮಾಡುತ್ತಿದ್ದರೇ? ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದವರೇ ಗಂಡ ಅಟ್ಟದಿಂದ ಒಂದು ಕಾಯಿ ಇಳಿಸಿ ಒಡೆದರು. ಬೆಳ್ಳಗಿತ್ತು.

“ನೋಡವ್ವ, ಚೆನ್ನಾಗದೆ.”

ಅಂದು ಅತ್ತೆ ನೆಮ್ಮದಿಯಾಗಿ ಮುದ್ದೆ ಉಂಡರು. ಈ ಮಹಾರಾಯರು ಗೆದ್ದವರಂತೆ ನನ್ನ ಕಡೆ ನೋಡಿದರು. ಬೆಳಗಾಗುತ್ತಲೇ ಅತ್ತೆ ಮಗನ ಮುಂದೆ ನಿಂತಿದ್ದರು. “ಅದೇನೋ ಚೆನ್ನಾಗಿತ್ತು ಕಣಪ್ಪ. ಅದರ ಪಕ್ಕದ್ದು?”

ಅದನ್ನೂ ಒಡೆದರು. ಆಮೇಲೆ ದಿನವೂ ಇದೇ ಆಯಿತು.

ಹುಳಿಯಾರಿನಲ್ಲಿ ಒಂದು ಮದುವೆಯಿತ್ತು. ಅತ್ತೆ ಬರುವುದಿಲ್ಲವೆಂದರು. ಪುಟ್ಟ ಮಗಳು ಮೀನಾಳನ್ನು ಕರೆದುಕೊಂಡು ಹೋಗಿ, ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಿದೆವು. ಬಾಗಿಲು ತೆರೆದಿತ್ತು. ಬಸ್ಸಿನಲ್ಲೇ ನಿದ್ದೆಹೋಗಿದ್ದ ಮೀನಾಳನ್ನು ಚಾಪೆಯ ಮೇಲೆ ಮಲಗಿಸಿದೆ. ಅಟ್ಟ ಖಾಲಿ. ಹಿತ್ತಿಲ ತುಂಬ ಸಿಪ್ಪೆ, ಚಿಪ್ಪು, ಇನ್ನೂ ಹಸಿಯಾಗಿದ್ದ ತಿರುಳು. ನಡುವೆ ಮಚ್ಚು ಹಿಡಿದು ಅತ್ತೆ ಕುಳಿತಿದ್ದರು. ಅಂಗೈ ಕಿತ್ತುಹೋಗಿ ರಕ್ತ ಒಸರುತ್ತಿತ್ತು.

“ಒಂದೂ ಕೆಟ್ಟಿರ್ಲಿಲ್ಲ ಕಣಪ್ಪ,” ಎಂದು ಅತ್ತರು.

ಗಂಡ ಅವರ ಕೈಯ ಮಚ್ಚು ತೆಗೆದು ದೂರ ಇಟ್ಟರು. ನಾನು ಅತ್ತೆಯ ಕೈ ತೊಳೆದು ಬಟ್ಟೆ ಕಟ್ಟಿದೆ. ವರ್ಷದ ಕೊಬ್ಬರಿ ಹೋದರೆ ಹೋಗಲಿ, ಒಡೆಯುವುದಕ್ಕಂತೂ ಇನ್ನೇನೂ ಉಳಿದಿಲ್ಲ, ಚಿಂತೆಯೂ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತೆ ಎದ್ದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಮೀನಾ ಕಿರುಚಿದ್ದು ಕೇಳಿ ಇಬ್ಬರೂ ಓಡಿದೆವು. ಚಾಪೆಯ ಮೇಲೆ ಮಲಗಿದ್ದ ಮಗುವಿನ ಭುಜ ಹಿಡಿದೆತ್ತಿ ಅತ್ತೆ ಅಲ್ಲಾಡಿಸುತ್ತಿದ್ದರು. ಅದರ ಎದೆಗೆ ಕಿವಿಯಿಟ್ಟಿದ್ದರು. ನಾನು ಕಿತ್ತುಕೊಂಡು ಎದೆಗವಚಿಕೊಂಡೆ.

“ಮಗೀಗೆ ಏನೂ ಆಗಿಲ್ಲ ಕಣವ್ವ,” ಎಂದರು ಗಂಡ.

ಅತ್ತೆ ಹೌದೆಂದು ತಲೆಯಾಡಿಸಿದರು. ಬಟ್ಟೆ ಸುತ್ತಿದ ಕೈಗಳನ್ನು ಮತ್ತೆ ನನ್ನ ಕಡೆ ಚಾಚಿದರು.

“ಆಗ್ಲೇ ನೋಡ್ದಾಗ ಚೆನ್ನಾಗಿತ್ತು ಕಣೇ ಸುನಂದಾ. ಇನ್ನೊಂದ್ಸಲ ನೋಡ್ಬುಡ್ತೀನಿ, ಕೊಡು.”