ಕಟ್ಟಿನ ನಡುವಿನ ಅಂಕಪಟ್ಟಿ

ಅಡಕೆ ಮಂಡಿಯಲ್ಲಿ ಇಪ್ಪತ್ತಾರು ವರ್ಷ ಚೀಲ ಬಿಚ್ಚಿದ ಗಂಗಾಧರಪ್ಪ ಯಾವ ಚೀಲದ ಬಾಯಿಯನ್ನೂ ನಂಬಿದವನಲ್ಲ. ಮೇಲೆ ಒಳ್ಳೆಯ ಅಡಕೆ, ಕೆಳಗೆ ಕಳಪೆ ಮಾಲು ತುಂಬಿ ತರುವವರನ್ನು ಅವನು ಕಂಡಿದ್ದ. ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ತೆಗೆದು ನೋಡಿಯೇ ದರ ಹೇಳುತ್ತಿದ್ದ. ಇದೇ ರೂಢಿಯನ್ನು ಅಪ್ಪ ಕಾಲೇಜಿಗೂ ತರುತ್ತಾನೆಂದು ಮಗಳು ಶಾಂಭವಿ ಎಣಿಸಿರಲಿಲ್ಲ.

ಅವಳಿಗೆ ಬೇಕಿದ್ದದ್ದು ಕೃಷಿ ವ್ಯವಹಾರದ ಬಿಬಿಎ. ಪದವಿಯಲ್ಲಿ ಆ ವಿಷಯದ ಹೆಸರಿದ್ದರೆ ಮಾತ್ರ ಅವಳು ಕಣ್ಣಿಟ್ಟಿದ್ದ ಬೀಜದ ಕಂಪನಿಯ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಕೈಗೆಟಕುವ ಕಾಲೇಜುಗಳು ಎರಡೇ. ಶಿವಮೊಗ್ಗದ ಆಲ್ಕೊಳದ ಬಳಿಯದಕ್ಕೆ ವರ್ಷಕ್ಕೆ ಹದಿನೆಂಟು ಸಾವಿರ, ತಮ್ಮೂರು ಭದ್ರಾವತಿಯದಕ್ಕೆ ಇಪ್ಪತ್ನಾಲ್ಕು. ಅಪ್ಪ ಮಗಳು ಕಾಲೇಜು ನೋಡಲು ಹೊರಟ ದಿನವೇ ಎರಡಕ್ಕೂ ಸೇರಲು ಕೊನೆಯ ದಿನ.

ಆಲ್ಕೊಳದಲ್ಲಿ ಪ್ರವೇಶಾತಿ ನೋಡಿಕೊಳ್ಳುತ್ತಿದ್ದ ಯೋಗರಾಜ್ ಟೀ ತರಿಸಿದ. ಅಲ್ಲಿಗೇ ಗಂಗಾಧರಪ್ಪನಿಗೆ ಅನುಮಾನ ಹತ್ತಿತು.

“ನಿಮ್ಮಲ್ಲಿ ಓದಿದವ್ರ ಅಂಕಪಟ್ಟಿ ತೋರ್ಸಿ.”

ಯೋಗರಾಜ್ ಗೋಡೆಯ ಮೇಲಿನ ಚೌಕಟ್ಟು ತೋರಿಸಿದ. “ನಮ್ಮ ಟಾಪರ್, ಸರ್.”

“ಅದು ಬ್ಯಾಡ. ನಾನು ಅಡಕೆ ಮಂಡಿಯವ್ನು, ನಡುವಿಂದ ತೆಗ್ದೇ ನೋಡೋದು. ಹುಡುಗ್ರು ತಗೊಂಡು ಹೋಗ್ದೆ ಉಳ್ದಿರ್ತಾವಲ್ಲ, ಆ ಕಟ್ಟು ಕೊಡಿ.”

“ಇಲ್ಲಿ ಅಡಕೆ ಮಾರಲ್ಲ ಯಜಮಾನ್ರೇ!”

“ಮತ್ತೇನು ಮಾರ್ತೀರಿ ಅಂತ ನೋಡ್ಬೇಕಲ್ಲ.”

ಶಾಂಭವಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಕಟ್ಟು ಬಂತು. ಗಂಗಾಧರಪ್ಪ ನಡುವಿನಿಂದ ಒಂದು ಹಾಳೆ ಎಳೆದು ಮಗಳಿಗೆ ಕೊಟ್ಟ. ಅದರಲ್ಲಿ ಬಿ.ಕಾಂ. ಎಂದಷ್ಟೇ ಇತ್ತು.

“ಕೃಷಿ ಎಲ್ಲಿ ಸರ್?” ಎಂದಳು ಶಾಂಭವಿ.

“ಅದಕ್ಕೆ ನಮ್ದೇ ಸರ್ಟಿಫಿಕೇಟು ಬೇರೆ ಕೊಡ್ತೀವಮ್ಮ. ಕಾಲೇಜಿನ ಸೀಲೂ ಇರತ್ತೆ.”

ಟೀ ಲೋಟ ಹಾಗೇ ಬಿಟ್ಟು ಇಬ್ಬರೂ ಬಸ್ಸು ಹಿಡಿದರು.

ಭದ್ರಾವತಿಯ ಕಾಲೇಜು ತಲುಪಿದಾಗ ಮೂರೂವರೆ. ಕಚೇರಿಯ ಸರಸ್ವತಿ ಮೇಡಂ ಟೀ ಬೇಕೇ ಎಂದೂ ಕೇಳಲಿಲ್ಲ, ಕಟ್ಟು ಕೊಡಲು ತಕರಾರನ್ನೂ ಮಾಡಲಿಲ್ಲ. ಗಂಗಾಧರಪ್ಪ ಎಳೆದ ಹಾಳೆಯಲ್ಲಿ ‘ಬಿಬಿಎ, ಕೃಷಿ ವ್ಯವಹಾರ’ ಎಂದು ಸ್ಪಷ್ಟವಾಗಿತ್ತು. ಹುಡುಗ ಎರಡು ವಿಷಯದಲ್ಲಿ ಫೇಲಾಗಿದ್ದ.

“ಫೇಲಾದ್ರೂ ಮಾಲು ಅಸಲಿ ಮಾರಾಯ್ತಿ,” ಎಂದು ಅಪ್ಪ ಖುಷಿಯಲ್ಲಿ ಪೆನ್ನು ತೆಗೆದ. “ಎಲ್ಲಿ ಸೈನು ಹಾಕ್ಲಿ?”

“ತಡಿಯಪ್ಪ.” ಶಾಂಭವಿ ಕಟ್ಟನ್ನು ತನ್ನ ಕಡೆಗೆಳೆದುಕೊಂಡು ಇನ್ನೂ ನಾಲ್ಕು ಹಾಳೆ ತೆಗೆದಳು. ಹೆಸರು ಬೇರೆ ಬೇರೆ, ಫೇಲಾದ ವಿಷಯ ಮಾತ್ರ ಅವೇ ಎರಡು: ಕೃಷಿ ಮಾರುಕಟ್ಟೆ, ಕೃಷಿ ಸಾಲ ನಿರ್ವಹಣೆ.

“ಇವೆರಡಕ್ಕೆ ಪಾಠ ಯಾರು ಮಾಡ್ತಾರೆ ಮೇಡಂ?”

ಸರಸ್ವತಿ ಕನ್ನಡಕ ಸರಿಮಾಡಿಕೊಂಡರು. “ಒಬ್ರಿದ್ರು, ಬಿಟ್ಟು ಹೋದ್ರು. ಈ ವರ್ಷ ಹೊಸಬ್ರು ಬರ್ತಾರೆ.”

“ಯಾವಾಗ?”

“ಬರ್ತಾರಮ್ಮ.”

ಗಂಗಾಧರಪ್ಪ ಹಾಳೆಗಳನ್ನು ಮತ್ತೆ ನೋಡಿದ. ಪದವಿಯ ಹೆಸರು ಸರಿಯಿದೆಯೆಂದು ಅವನು ಫೇಲಾದ ವಿಷಯ ಯಾವುದೆಂದು ನೋಡಿರಲಿಲ್ಲ.

“ಏನ್ ಮಾಡ್ತೀಯ ಪುಟ್ಟಿ?”

ನಾಲ್ಕೂವರೆಗೆ ಕಚೇರಿ ಮುಚ್ಚುತ್ತಿತ್ತು. ಆ ಹೆಸರಿನ ಪದವಿ ಇಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವಂತಿರಲಿಲ್ಲ. ಶಾಂಭವಿ ಅರ್ಜಿ ತುಂಬಿ, ಮೊದಲ ಕಂತು ಕಟ್ಟಿಸಿ, ಪಿಯುಸಿ ಅಂಕಪಟ್ಟಿಯ ಜೆರಾಕ್ಸ್ ಮುಂದಿಟ್ಟಳು.

“ಒರಿಜಿನಲ್ ಕೊಡ್ಬೇಕಮ್ಮ, ನಮ್ಮ ಹತ್ರಾನೇ ಇರ್ಬೇಕು,” ಎಂದರು ಸರಸ್ವತಿ.

ಒಮ್ಮೆ ಕೊಟ್ಟರೆ ಮೂರು ವರ್ಷ ಎಲ್ಲಿಗೂ ಕದಲುವಂತಿಲ್ಲ ಎಂಬುದು ಶಾಂಭವಿಗೆ ಗೊತ್ತಿತ್ತು. ಅವಳು ಒರಿಜಿನಲ್ ಇದ್ದ ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು.

“ಹೊಸ ಮೇಷ್ಟ್ರು ಮೊದಲನೇ ಪಾಠ ಮಾಡಿದ ದಿನ ತಂದ್ಕೊಡ್ತೀನಿ ಮೇಡಂ.”

ಸರಸ್ವತಿ ಅಪ್ಪನ ಮುಖ ನೋಡಿದರು. ಅಪ್ಪ ಕಿಟಕಿಯತ್ತ ನೋಡಿದ. ಕೊನೆಗೆ ಅವರು ಜೆರಾಕ್ಸ್ ಪ್ರತಿಯ ಮೇಲೆಯೇ ಸೀಲು ಒತ್ತಿದರು.